ಕೈ ತೊಳೆಯಲು ಕಲಿಸಿದ ವೈದ್ಯ ಸೆಮ್ಮೆಲ್‌ವೈಸ್

ಬಿಸಿಯೂಟದ ಗಂಟೆ ಬಾರಿಸಿದೊಡನೆ ನೀವೆಲ್ಲ ತಟ್ಟೆ ಹಿಡಿದು ಸಾಲಾಗಿ ನಿಲ್ಲುತ್ತೀರಿ. ಕೈ ತೊಳೆದಿರಾ ಎಂದು ಶಿಕ್ಷಕರು ಮೊದಲು ಕೇಳುತ್ತಾರೆ, ಅಲ್ಲವೇ? ಕೈ ತೊಳೆಯುವುದು ನಮಗೆ ಇಂದು ಅತಿ ಸಾಮಾನ್ಯ ಸಂಗತಿ. ಆದರೆ ಸುಮಾರು 175 ವರ್ಷಗಳ ಹಿಂದೆ, ವೈದ್ಯರ ಕೈಯೇ ರೋಗವನ್ನು ಹೊತ್ತೊಯ್ಯಬಲ್ಲದು ಎಂಬುದನ್ನು ಹೆಚ್ಚಿನ ವೈದ್ಯರು ನಂಬುತ್ತಿರಲಿಲ್ಲ. ಅದನ್ನು ಲೆಕ್ಕ ಹಾಕಿ ತೋರಿಸಿಕೊಟ್ಟವರು ಡಾ. ಇಗ್ನಾಜ್ ಸೆಮ್ಮೆಲ್‌ವೈಸ್.

ಸೆಮ್ಮೆಲ್‌ವೈಸ್ ಹುಟ್ಟಿದ್ದು 1818ರ ಜುಲೈ 1ರಂದು, ಹಂಗೆರಿ ದೇಶದ ಬುಡಾ ಪಟ್ಟಣದಲ್ಲಿ. ಈ ಪಟ್ಟಣ ಈಗ ಬುಡಾಪೆಸ್ಟ್ ನಗರದ ಒಂದು ಭಾಗ. ಅವರ ತಂದೆ ದಿನಸಿ ವ್ಯಾಪಾರಿ. ಕಾನೂನು ಓದಲೆಂದು ವಿಯೆನ್ನಾಕ್ಕೆ ಹೋದ ಸೆಮ್ಮೆಲ್‌ವೈಸ್ ಬಳಿಕ ಮನಸ್ಸು ಬದಲಾಯಿಸಿ ವೈದ್ಯಕೀಯ ಓದಿದರು. 1844ರಲ್ಲಿ ವೈದ್ಯರಾದರು. 1846ರಲ್ಲಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯರಾಗಿ ಸೇರಿದರು.

ಆ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು. ಎರಡನೆಯದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. ಒಂದು ದಿನ ಬಂದ ಗರ್ಭಿಣಿಯರನ್ನು ಮೊದಲ ವಿಭಾಗಕ್ಕೂ ಮರುದಿನ ಬಂದವರನ್ನು ಎರಡನೆಯ ವಿಭಾಗಕ್ಕೂ ಸೇರಿಸಿಕೊಳ್ಳುತ್ತಿದ್ದರು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಾಣಂತಿ ಜ್ವರ ಬಂದು ಅನೇಕ ತಾಯಂದಿರು ಸಾಯುತ್ತಿದ್ದರು. 1846ರಲ್ಲಿ ಮೊದಲ ವಿಭಾಗದಲ್ಲಿ 4010 ಹೆರಿಗೆಗಳಾದವು. ಅವರಲ್ಲಿ 459 ತಾಯಂದಿರು ತೀರಿಕೊಂಡರು. ಎರಡನೆಯದರಲ್ಲಿ 3754 ಹೆರಿಗೆಗಳಲ್ಲಿ ತೀರಿಕೊಂಡವರು 105. ಅಂದರೆ ನೂರು ತಾಯಂದಿರಲ್ಲಿ ಒಂದು ಕಡೆ 11ಕ್ಕೂ ಹೆಚ್ಚು ಸಾವು, ಇನ್ನೊಂದು ಕಡೆ 3ಕ್ಕೂ ಕಡಿಮೆ! ಈ ವಿಷಯ ಊರಿಗೆಲ್ಲ ಗೊತ್ತಿತ್ತು. ತಮ್ಮನ್ನು ಮೊದಲ ವಿಭಾಗಕ್ಕೆ ಸೇರಿಸಬೇಡಿ ಎಂದು ಬಡ ಹೆಂಗಸರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು.

ಒಂದೇ ಆಸ್ಪತ್ರೆಯಲ್ಲಿ ಇಷ್ಟು ವ್ಯತ್ಯಾಸ ಏಕೆ? ಈ ಪ್ರಶ್ನೆ ಸೆಮ್ಮೆಲ್‌ವೈಸರ ನಿದ್ದೆ ಕೆಡಿಸಿತು. ಕೆಟ್ಟ ಗಾಳಿಯೇ ಕಾರಣ ಎಂದು ಹಲವರು ಹೇಳುತ್ತಿದ್ದರು. ಆದರೆ ಎರಡೂ ವಿಭಾಗಗಳಿಗೆ ಬೀಸುವ ಗಾಳಿ ಒಂದೇ. ಜನಸಂದಣಿ ಕಾರಣವೇ? ಎರಡನೆಯ ವಿಭಾಗದಲ್ಲಿಯೇ ಸಂದಣಿ ಹೆಚ್ಚು. ಹೆರಿಗೆಯ ಸಮಯದಲ್ಲಿ ಮಲಗಿಸುವ ರೀತಿ ಕಾರಣವೇ? ಅದನ್ನೂ ಬದಲಾಯಿಸಿ ನೋಡಿದರು. ಸಾಯುವವರಿಗಾಗಿ ಪ್ರಾರ್ಥಿಸಲು ಬರುವ ಪಾದ್ರಿಯ ಗಂಟೆಯ ಸದ್ದಿಗೆ ತಾಯಂದಿರು ಹೆದರುತ್ತಾರೆಯೇ? ಪಾದ್ರಿಯು ಗಂಟೆಯಿಲ್ಲದೆ ಬೇರೆ ದಾರಿಯಲ್ಲಿ ಬರುವಂತೆ ಮಾಡಿದರು. ಸಾವು ಕಡಿಮೆಯಾಗಲಿಲ್ಲ. ಹೀಗೆ ಒಂದೊಂದೇ ಕಾರಣವನ್ನು ಪರೀಕ್ಷಿಸಿ ಪಕ್ಕಕ್ಕಿಡುತ್ತಾ ಹೋದರು.

1847ರ ಮಾರ್ಚ್‌ನಲ್ಲಿ ಒಂದು ದುಃಖದ ಘಟನೆ ನಡೆಯಿತು. ಅವರ ಗೆಳೆಯ, ವೈದ್ಯ ಕೊಲೆಚ್ಕಾ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಗುಲಿ ಗಾಯಗೊಂಡರು. ಜ್ವರ ಬಂದು ತೀರಿಕೊಂಡರು. ಅವರ ದೇಹವನ್ನು ಪರೀಕ್ಷಿಸಿದ ವರದಿಯನ್ನು ಸೆಮ್ಮೆಲ್‌ವೈಸ್ ಓದಿದರು. ಬಾಣಂತಿ ಜ್ವರದಿಂದ ಸತ್ತವರಲ್ಲಿ ಕಾಣುವ ಲಕ್ಷಣಗಳೇ ಅಲ್ಲಿಯೂ ಇದ್ದವು! ಆಗ ಅವರಿಗೆ ಹೊಳೆಯಿತು. ಮೊದಲ ವಿಭಾಗದ ವೈದ್ಯರೂ ವಿದ್ಯಾರ್ಥಿಗಳೂ ಶವಗಳನ್ನು ಪರೀಕ್ಷಿಸಿ, ಅಲ್ಲಿಂದಲೇ ಹೆರಿಗೆಯ ಕೋಣೆಗೆ ಬರುತ್ತಿದ್ದರು. ಸಾಬೂನಿನಿಂದ ತೊಳೆದರೂ ಕೈಯಲ್ಲಿ ಶವದ ವಾಸನೆ ಉಳಿಯುತ್ತಿತ್ತು. ಸೂಲಗಿತ್ತಿಯರು ಶವಗಳನ್ನು ಮುಟ್ಟುತ್ತಿರಲಿಲ್ಲ. ವ್ಯತ್ಯಾಸ ಇದ್ದದ್ದು ಇಲ್ಲಿಯೇ. ತಾನೂ ಎಷ್ಟೋ ಶವಗಳನ್ನು ಪರೀಕ್ಷಿಸಿದ್ದೆ, ತನ್ನ ಕೈಯಿಂದಲೂ ತಾಯಂದಿರು ಸತ್ತಿರಬೇಕು ಎಂಬ ಅರಿವು ಅವರನ್ನು ಕೊರೆಯತೊಡಗಿತು. ಆದರೂ ಅವರು ಸತ್ಯವನ್ನು ಮುಚ್ಚಿಡಲಿಲ್ಲ.

1847ರ ಮೇ ತಿಂಗಳಲ್ಲಿ ಅವರು ಹೊಸ ನಿಯಮ ತಂದರು. ರೋಗಿಯನ್ನು ಮುಟ್ಟುವ ಮೊದಲು ಎಲ್ಲರೂ ಚೆಲುವೆ ಪುಡಿ, ಅಂದರೆ ಬ್ಲೀಚಿಂಗ್ ಪೌಡರ್ ಕರಗಿಸಿದ ನೀರಿನಲ್ಲಿ ಕೈ ತೊಳೆಯಬೇಕು. ಶವದ ವಾಸನೆಯನ್ನು ಅದು ಹೋಗಲಾಡಿಸುತ್ತಿದ್ದುದರಿಂದ ಅದನ್ನೇ ಆರಿಸಿಕೊಂಡರು. ಫಲಿತಾಂಶ ಬೆರಗುಗೊಳಿಸುವಂತಿತ್ತು. ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18ರಷ್ಟಿದ್ದ ಸಾವು ಜುಲೈಯಲ್ಲಿ ಸುಮಾರು 1ಕ್ಕೆ ಇಳಿಯಿತು. 1848ರ ಮಾರ್ಚ್ ಮತ್ತು ಆಗಸ್ಟ್ ತಿಂಗಳುಗಳಲ್ಲಂತೂ ಆ ವಿಭಾಗದಲ್ಲಿ ಈ ಜ್ವರದಿಂದ ಒಬ್ಬ ತಾಯಿಯೂ ಸಾಯಲಿಲ್ಲ. ಹೊಸ ಕಟ್ಟಡ ಕಟ್ಟಲಿಲ್ಲ, ದುಬಾರಿ ಔಷಧ ತರಲಿಲ್ಲ. ಒಂದು ಬೋಗುಣಿ ನೀರು ಮತ್ತು ಒಂದಿಷ್ಟು ಪುಡಿ ಅಷ್ಟು ಜೀವಗಳನ್ನು ಉಳಿಸಿದವು.

ಆದರೆ ಎಲ್ಲರೂ ಇದನ್ನು ಒಪ್ಪಲಿಲ್ಲ. ಸಾವಿಗೆ ತಮ್ಮ ಕೈಗಳೇ ಕಾರಣ ಎಂಬ ಮಾತು ಹಲವು ವೈದ್ಯರಿಗೆ ಅವಮಾನವೆನಿಸಿತು. ಇನ್ನೊಂದು ತೊಡಕೂ ಇತ್ತು. ರೋಗಾಣುಗಳ ವಿಷಯ ಆಗ ತಿಳಿದಿರಲಿಲ್ಲ. ಕೈ ತೊಳೆದರೆ ಜ್ವರ ಏಕೆ ನಿಲ್ಲುತ್ತದೆ ಎಂಬುದನ್ನು ಸೆಮ್ಮೆಲ್‌ವೈಸ್ ಪೂರ್ತಿಯಾಗಿ ವಿವರಿಸಲಾರದೆ ಹೋದರು. ತಮ್ಮ ಶೋಧನೆಯ ಬಗ್ಗೆ ಅವರು ಪುಸ್ತಕ ಪ್ರಕಟಿಸಿದ್ದೂ ತಡವಾಗಿ, 1861ರ ಹೊತ್ತಿಗೆ.

1849ರಲ್ಲಿ ಅವರ ಹುದ್ದೆಯ ಅವಧಿ ಮುಗಿದಾಗ ಅದನ್ನು ಮುಂದುವರಿಸಲಿಲ್ಲ. ಮರುವರ್ಷ ಅವರು ಹಂಗೆರಿಗೆ ಮರಳಿದರು. ಪೆಸ್ಟ್ ಪಟ್ಟಣದ ಸಂತ ರೋಖಸ್ ಆಸ್ಪತ್ರೆಯಲ್ಲಿ ಇದೇ ಪದ್ಧತಿ ತಂದರು. ಅಲ್ಲಿಯೂ ಬಾಣಂತಿ ಜ್ವರದ ಸಾವು ನೂರಕ್ಕೆ ಒಂದಕ್ಕಿಂತ ಕಡಿಮೆಯಾಯಿತು. ಆದರೂ ವಿರೋಧ ನಿಲ್ಲಲಿಲ್ಲ. ಅವರು ನೊಂದು, ವಿರೋಧಿಗಳಿಗೆ ಕಟುವಾದ ಪತ್ರಗಳನ್ನು ಬರೆದರು. ಮನಸ್ಸಿನ ಆರೋಗ್ಯವೂ ಕೆಟ್ಟಿತು. 1865ರಲ್ಲಿ ಅವರನ್ನು ವಿಯೆನ್ನಾದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಎರಡೇ ವಾರಗಳಲ್ಲಿ, ಆಗಸ್ಟ್ 13ರಂದು, ಗಾಯದ ನಂಜು ಮೈಗೇರಿ ಅವರು ತೀರಿಕೊಂಡರು. ಆಗ ಅವರಿಗೆ 47 ವರ್ಷ. ಯಾವ ನಂಜಿನ ವಿರುದ್ಧ ಜೀವಮಾನವಿಡೀ ಹೋರಾಡಿದರೋ ಅಂಥದೇ ನಂಜು ಅವರನ್ನು ಬಲಿ ತೆಗೆದುಕೊಂಡಿತು.

ಮುಂದೆ ಲೂಯಿ ಪಾಶ್ಚರ್ ರೋಗಾಣುಗಳ ಪಾತ್ರವನ್ನು ತೋರಿಸಿದರು. 1867ರಲ್ಲಿ ಜೋಸೆಫ್ ಲಿಸ್ಟರ್ ಶಸ್ತ್ರಚಿಕಿತ್ಸೆಯಲ್ಲಿ ನಂಜುನಿರೋಧಕ ಬಳಸುವ ವಿಧಾನವನ್ನು ಪ್ರಕಟಿಸಿದರು. ಸೆಮ್ಮೆಲ್‌ವೈಸ್ ಹೇಳಿದ್ದು ಸರಿ ಎಂದು ಜಗತ್ತಿಗೆ ಆಗ ಅರ್ಥವಾಯಿತು. ಬುಡಾಪೆಸ್ಟ್‌ನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಇಂದು ಅವರದೇ ಹೆಸರಿದೆ.

ಮಕ್ಕಳೇ, ಸೆಮ್ಮೆಲ್‌ವೈಸರ ಬಳಿ ದೊಡ್ಡ ಉಪಕರಣವೇನೂ ಇರಲಿಲ್ಲ. ಅವರು ಪ್ರಶ್ನೆ ಕೇಳಿದರು, ಎಣಿಸಿದರು, ಹೋಲಿಸಿದರು, ಪರೀಕ್ಷಿಸಿದರು. ತಪ್ಪು ತಮ್ಮದೇ ಎಂದು ಕಂಡಾಗ ಒಪ್ಪಿಕೊಂಡರು. ವಿಜ್ಞಾನದ ದಾರಿ ಇದೇ. ಮುಂದಿನ ಸಲ ಊಟಕ್ಕೆ ಮೊದಲು ಸಾಬೂನು ಹಚ್ಚಿ ಕೈ ಉಜ್ಜುವಾಗ ಈ ವೈದ್ಯರನ್ನು ಒಮ್ಮೆ ನೆನೆಯಿರಿ. ಅವರ ಕಥೆಯನ್ನು ಮನೆಯವರಿಗೂ ಹೇಳಿ.