ಪರರ ಕಣ್ಣು ಮತ್ತು ಮಹಾತ್ಮರ ಉಡುಗೆ

ಮನುಷ್ಯನು ವಸ್ತುವೊಂದನ್ನು ಮೆಚ್ಚಿದಾಗ ತನ್ನ ಕಣ್ಣಿನಿಂದಲೇ ನೋಡಿ ಮೆಚ್ಚಿದೆನೆಂದು ಭಾವಿಸುತ್ತಾನೆ. ವಿಚಾರಿಸಿದರೆ ಆ ಮೆಚ್ಚಿಕೆಯಲ್ಲಿ ನೆರೆಯವರ ಕಣ್ಣಿನ ಪಾಲೇ ಅಧಿಕವಾಗಿರುವುದುಂಟು. ಮಹಾತ್ಮಾ ಗಾಂಧಿಯವರ ಜೀವನವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

೧೮೬೯ನೆಯ ಅಕ್ಟೋಬರ್ ೨ರಂದು ಪೋರಬಂದರದಲ್ಲಿ ಜನಿಸಿದ ಅವರು ೧೮೮೮ರಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ತೆರಳಿದರು. ಹಡಗಿನಿಂದಿಳಿಯುವಾಗ ಚೆನ್ನಾಗಿ ಕಾಣಬೇಕೆಂದು ಬಿಳಿಯ ಫ್ಲಾನಲ್ ಉಡುಪೊಂದನ್ನು ಕಾದಿರಿಸಿಕೊಂಡಿದ್ದರು. ಸೆಪ್ಟೆಂಬರ್ ತಿಂಗಳ ಕೊನೆಯದು. ದಡಕ್ಕಿಳಿದು ನೋಡಿದರೆ ಅಂತಹ ಉಡುಪು ಧರಿಸಿದವರು ತಾವೊಬ್ಬರೇ! ಪೆಟ್ಟಿಗೆಗಳು ಕೂಡಲೆ ಕೈಸೇರುವಂತೆಯೂ ಇರಲಿಲ್ಲ. ಹಡಗಿನಲ್ಲಿ ಹೆಮ್ಮೆಯಾಗಿದ್ದ ಬಟ್ಟೆಯೇ ದಡದಲ್ಲಿ ನಾಚಿಕೆಯಾಯಿತು. ಬಟ್ಟೆಯು ಬದಲಾಗಿರಲಿಲ್ಲ, ನೋಡುವವರು ಬದಲಾಗಿದ್ದರು.

ಅನಂತರ ಮುಂಬಯಿಯಲ್ಲಿ ಹೊಲಿಸಿದ ಬಟ್ಟೆಗಳೆಲ್ಲ ಅಲ್ಲಿಯ ಸಮಾಜಕ್ಕೆ ಒಪ್ಪವೆಂದು ತೋರಿದವು. ೧೯ ಷಿಲ್ಲಿಂಗುಗಳ ಎತ್ತರದ ಟೊಪ್ಪಿಗೆ ಬಂದಿತು. ಬಾಂಡ್ ಸ್ಟ್ರೀಟಿನಲ್ಲಿ ೧೦ ಪೌಂಡು ತೆತ್ತು ಸಂಜೆಯ ಉಡುಪನ್ನು ಹೊಲಿಸಿದರು. ಗಡಿಯಾರಕ್ಕೆ ಚಿನ್ನದ ಎರಡೆಳೆಯ ಸರಪಣಿಯನ್ನು ಅಣ್ಣನಿಂದ ತರಿಸಿಕೊಂಡರು. ಊರಿನಲ್ಲಿ ಕ್ಷೌರದ ದಿನ ಮಾತ್ರ ಕನ್ನಡಿ ಕಾಣುತ್ತಿದ್ದ ತರುಣನು ಈಗ ಪ್ರತಿದಿನವೂ ೧೦ ನಿಮಿಷ ದೊಡ್ಡ ಕನ್ನಡಿಯ ಮುಂದೆ ನಿಂತು ಟೈ ಕಟ್ಟಿ ಬೈತಲೆ ತಿದ್ದತೊಡಗಿದನು. ನೃತ್ಯವನ್ನೂ ಪಿಟೀಲನ್ನೂ ಕಲಿಯಹೊರಟುದಾಯಿತು. ಈ ವ್ಯಾಮೋಹವು ಸುಮಾರು ೩ ತಿಂಗಳಲ್ಲಿ ಇಳಿಯಿತಾದರೂ ಉಡುಪಿನ ಮೇಲಣ ಎಚ್ಚರಿಕೆಯು ಬಹುವರ್ಷ ಉಳಿಯಿತು.

ದಕ್ಷಿಣ ಆಫ್ರಿಕಾದಲ್ಲಿ ವಕೀಲರಾಗಿದ್ದಾಗ ತಮ್ಮ ಕಾಲರನ್ನು ತಾವೇ ಒಗೆದು ಗಂಜಿ ಹಾಕಲು ಕಲಿತರು. ಮೊದಲ ದಿನ ಗಂಜಿ ಹೆಚ್ಚಾಗಿ ನ್ಯಾಯಾಲಯದಲ್ಲಿಯೇ ಉದುರತೊಡಗಿತು. ಸಹೋದ್ಯೋಗಿಗಳು ನಕ್ಕರು, ಆದರೆ ಈ ಸಲ ಅವರಿಗೆ ನಾಚಿಕೆಯೆನಿಸಲಿಲ್ಲ.

೧೯೨೧ರಲ್ಲಿ ಮಧುರೆಗೆ ರೈಲಿನಲ್ಲಿ ಹೋಗುತ್ತಿದ್ದಾಗ ಸಹಪ್ರಯಾಣಿಕರಿಗೆ ಖಾದಿಯನ್ನುಡಲು ಹೇಳಿದರು. ಖಾದಿಯನ್ನು ಕೊಳ್ಳಲು ತಮಗೆ ಶಕ್ತಿಯಿಲ್ಲವೆಂದು ಆ ಬಡವರು ಉತ್ತರವಿತ್ತರು. ಅದು ಅವರ ಮನಸ್ಸನ್ನು ನಾಟಿತು. ಸೆಪ್ಟೆಂಬರ್ ೨೨ರಂದು ಮಧುರೆಯಲ್ಲಿ ಅಂಗಿ ಟೊಪ್ಪಿಗೆಗಳನ್ನು ತ್ಯಜಿಸಿ ತುಂಡುಪಂಚೆಯನ್ನುಟ್ಟರು. ೧೯೩೧ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋದಾಗ ಐದನೆಯ ಜಾರ್ಜ್ ದೊರೆಯ ಅರಮನೆಗೂ ಆ ಪಂಚೆಯಲ್ಲಿಯೇ ನಡೆದರು. ಬಿಳಿಯ ಉಡುಪಿಗಾಗಿ ಹಿಂದೆ ನಾಚಿದ್ದುದು ಅದೇ ದೇಶದಲ್ಲಿ! ೧೯೪೮ನೆಯ ಜನವರಿ ೩೦ರಂದು ದೇಹಬಿಡುವವರೆಗೂ ಆ ವ್ರತವು ಸಡಿಲವಾಗಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವುಂಟು. ತುಂಡುಪಂಚೆಯೂ ಪರರನ್ನು ನೆನೆದು ಉಟ್ಟುದೇ. ಆದರೆ ಟೊಪ್ಪಿಗೆಯು ಉಳ್ಳವರಿಗೆ ಸಮನೆಂದು ತೋರಿಸಿಕೊಳ್ಳಲು, ಪಂಚೆಯು ಇಲ್ಲದವರೊಡನೆ ಸಮನಾಗಲು. ತೋರಿಕೆಗೆಂದು ಉಟ್ಟ ಖಾದಿಯು ಆ ೧೯ ಷಿಲ್ಲಿಂಗಿನ ಟೊಪ್ಪಿಗೆಗೆ ಒಡಹುಟ್ಟೇ ಸರಿ.

ಸಾಲ ಮಾಡಿ ಮದುವೆಯಲ್ಲಿ ಮೆರೆಯುವ ಗೃಹಸ್ಥರು ಇದನ್ನು ಮನನ ಮಾಡಬೇಕು. ನೆರೆದವರು ಆ ಸೀರೆಯನ್ನೂ ಒಡವೆಯನ್ನೂ ಒಂದು ಗಳಿಗೆ ನೋಡಿ ಹೋಗುತ್ತಾರೆ. ಸಾಲವು ಮನೆಯಲ್ಲಿಯೇ ಉಳಿಯುತ್ತದೆ. ವಸ್ತುವನ್ನು ಮನೆಗೆ ತರುವ ಮೊದಲು, ಯಾರೂ ನೋಡದಿದ್ದರೂ ಇದು ನನಗೆ ಬೇಕಾಗುತ್ತಿತ್ತೇ ಎಂದು ತನ್ನನ್ನು ತಾನೇ ಕೇಳಿಕೊಳ್ಳುವುದು ಶ್ರೇಯಸ್ಕರವು.