ಪ್ರಶ್ನೆ ಕೇಳುವುದನ್ನು ಬಿಡದ ವಿಶ್ವಾಸಿ: ಪಂಡಿತಾ ರಮಾಬಾಯಿ

ಹೋದ ವಾರ ಮೀಟಿಂಗ್ ಮುಗಿದ ಮೇಲೆ ನಿಮ್ಮಲ್ಲೊಬ್ಬ ತಮ್ಮ ನನ್ನ ಹತ್ತಿರ ಬಂದ. ಪಾಸ್ಟರ್, ನನಗೆ ತುಂಬಾ ಡೌಟ್ ಬರ್ತವೆ, ನಾನು ವಿಶ್ವಾಸದಿಂದ ಬಿದ್ದು ಹೋಗ್ತಿದ್ದೀನಾ ಅಂತ ಕೇಳಿದ. ಪ್ರಾರ್ಥನೆ ಮಾಡು, ಸರಿ ಹೋಗುತ್ತೆ ಅಂತ ಹೇಳಿ ಕಳಿಸಿಬಿಟ್ಟೆ. ಆ ರಾತ್ರಿ ನನಗೆ ಸಮಾಧಾನ ಇರಲಿಲ್ಲ. ಯಾಕಂದ್ರೆ ನನಗೆ ಇಪ್ಪತ್ತೊಂದು ವರ್ಷ ಇದ್ದಾಗ ನಾನೂ ಇದೇ ಪ್ರಶ್ನೆ ಕೇಳಿದ್ದೆ, ನನ್ನನ್ನೂ ಹಾಗೇ ಕಳಿಸಿದ್ರು. ಆಮೇಲೆ ಎರಡು ವರ್ಷ ನಾನು ಸಭೆ ಕಡೆ ತಲೆ ಹಾಕಲಿಲ್ಲ. ಆದ್ದರಿಂದ ಇವತ್ತು ನಾನು ಒಬ್ಬ ತಾಯಿಯ ಜೀವಿತವನ್ನು ಹೇಳ್ತೀನಿ.

ರಮಾಬಾಯಿಯವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಅಡವಿಯಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ದೊಡ್ಡ ಸಂಸ್ಕೃತ ಪಂಡಿತರು. ಹೆಣ್ಣಿಗೆ ಸಂಸ್ಕೃತ ಕಲಿಸಬಾರದು ಅನ್ನುತ್ತಿದ್ದ ಕಾಲದಲ್ಲಿ ತಮ್ಮ ಹೆಂಡತಿಗೆ ಕಲಿಸಿದ್ರು. ಆ ತಾಯಿ ಮಗಳಿಗೆ ಕಲಿಸಿದಳು. ಕೂಸಿಗೆ ಆರು ತಿಂಗಳಾದಾಗ ಮನೆಯವರೆಲ್ಲ ತೀರ್ಥಯಾತ್ರೆಗೆ ಹೊರಟರು, ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊತ್ತುಕೊಂಡು. ಆ ನಡಿಗೆ ನಿಲ್ಲಲೇ ಇಲ್ಲ. 1870ರ ದಶಕದ ಬರದಲ್ಲಿ ಅಪ್ಪ ಹೋದ್ರು, ಅಮ್ಮ ಹೋದ್ರು, ಅಕ್ಕನೂ ಹೋದಳು. ಅಮ್ಮನ ಶವ ಹೊರೋದಕ್ಕೆ ಜನ ಸಾಲದೆ ಈ ಹುಡುಗಿಯೇ ನಾಲ್ಕನೆಯವಳಾಗಿ ನಿಂತಳು. ಗಿಡ್ಡ ಇದ್ದಳು, ಹೆಗಲು ಎಟುಕಲಿಲ್ಲ, ತಲೆ ಮೇಲೆ ಹೊತ್ತಳು. ಸ್ವಲ್ಪ ನಿಂತು ಯೋಚಿಸಿ ಪ್ರಿಯರೇ. ಇಷ್ಟು ವ್ರತ, ಇಷ್ಟು ಯಾತ್ರೆ ಮಾಡಿದ ಮನೆಗೆ ಇದೇನು ಅಂತ ಅವಳು ಕೇಳದೆ ಇರ್ತಾಳಾ?

1878ರಲ್ಲಿ ಅಣ್ಣನ ಜೊತೆ ಕಲ್ಕತ್ತಾ ಸೇರಿದಳು. ಅಲ್ಲಿನ ವಿದ್ವಾಂಸರು ಪರೀಕ್ಷೆ ಮಾಡಿ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. ಅಣ್ಣ ತೀರಿಹೋದ. ಜಾತಿ ಮೀರಿ ಒಬ್ಬ ಬಂಗಾಳಿ ವಕೀಲರನ್ನು ಮದುವೆಯಾದರು. ಎರಡೇ ವರ್ಷ, ಅವರೂ ಹೋದರು. ಇಪ್ಪತ್ನಾಲ್ಕರ ಹತ್ತಿರದ ವಿಧವೆ, ಕೈಯಲ್ಲಿ ಮನೋರಮಾ ಅನ್ನೋ ಹೆಣ್ಣುಕೂಸು.

1883ರಲ್ಲಿ ಇಂಗ್ಲೆಂಡಿಗೆ ಹೋದರು, ಡಾಕ್ಟರ್ ಓದೋಣ ಅಂತ. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಅದು ಆಗಲಿಲ್ಲ. ಅದೇ ವರ್ಷ ವಾಂಟೇಜ್ ಊರಲ್ಲಿ ತಾಯಿ ಮಗಳು ಇಬ್ಬರಿಗೂ ದೀಕ್ಷಾಸ್ನಾನ ಆಯ್ತು. ಹಲ್ಲೆಲೂಯ! ಆದ್ರೆ ಕಥೆ ಇಲ್ಲಿಗೆ ಮುಗೀತು ಅಂತ ನಾವು ಹೇಳಿಬಿಡ್ತೀವಿ ನೋಡಿ, ಮುಗೀಲಿಲ್ಲ. ತ್ರಿಯೇಕತ್ವದ ಬಗ್ಗೆ, ಕ್ರಿಸ್ತನ ದೈವತ್ವದ ಬಗ್ಗೆ ಅವರು ಸಿಸ್ಟರ್‌ಗಳಿಗೆ ಪತ್ರದ ಮೇಲೆ ಪತ್ರ ಬರೆದರು. ಪುರೋಹಿತರ ಮಾತಿಗೆ ತಲೆಯಾಡಿಸೋದನ್ನು ಬಿಟ್ಟು ಬಂದವಳು ಬಿಷಪ್ ಮಾತಿಗೂ ಸುಮ್ಮನೆ ತಲೆಯಾಡಿಸಲ್ಲ ಅನ್ನೋದು ಅವರ ವಾದ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಿರಬಾರದು ಅಂದರು. ಮಾಂಸಾಹಾರವನ್ನೂ ಮುಟ್ಟಲಿಲ್ಲ. ಕ್ರಿಸ್ತನನ್ನು ನಂಬೋದಕ್ಕೆ ಇಂಗ್ಲಿಷರ ಹಾಗೆ ಊಟ ಮಾಡಬೇಕಿಲ್ಲ ಅಂತ ಅವರಿಗೆ ಗೊತ್ತಿತ್ತು. ನಮ್ಮಲ್ಲಿ ಕೆಲವರಿಗೆ ಇವತ್ತಿಗೂ ಗೊತ್ತಿಲ್ಲ! ದೀಕ್ಷಾಸ್ನಾನ ಆಗಿ ಸುಮಾರು ಎಂಟು ವರ್ಷದ ಮೇಲೆ, ತನಗೆ ಧರ್ಮ ಸಿಕ್ಕಿತ್ತು, ಕ್ರಿಸ್ತನು ಇನ್ನೂ ಸಿಕ್ಕಿರಲಿಲ್ಲ ಅನ್ನೋದು ಅವರಿಗೆ ತಿಳಿಯಿತು. ಎಂಟು ವರ್ಷ ದೇವರು ಕಾದನು, ತಮ್ಮಾ.

1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಆಮೇಲೆ ಅದು ಪುಣೆಗೆ ಬಂತು. ಹುಡುಗಿಯರು ಇವರ ಪ್ರಾರ್ಥನೆಗೆ ಬಂದು ಕೂರೋಕೆ ಶುರು ಮಾಡಿದಾಗ ಊರಲ್ಲಿ ಗಲಾಟೆ ಎದ್ದಿತು, ಬೆಂಬಲಕ್ಕೆ ನಿಂತಿದ್ದ ದೊಡ್ಡವರೂ ಹಿಂದೆ ಸರಿದರು. ಧರ್ಮದ ವಿಷಯದಲ್ಲಿ ಒತ್ತಾಯ ಇರಲ್ಲ ಅನ್ನೋ ಮಾತಿನ ಮೇಲೆ ಮಕ್ಕಳನ್ನು ಕಳಿಸಿದ್ದವರಿಗೆ ನೋವಾದದ್ದನ್ನು ನಾನು ತಪ್ಪು ಅನ್ನಲಾರೆ. ಬಾಗಿಲು ತೆರೆದೇ ಇತ್ತು, ಯಾರನ್ನೂ ಎಳೆದು ಕೂರಿಸಲಿಲ್ಲ ಅಂತ ರಮಾಬಾಯಿಯವರೂ ಬಿಟ್ಟುಕೊಡಲಿಲ್ಲ.

1896ರಲ್ಲಿ ಮತ್ತೆ ಬರ ಬಂತು. ಹಸಿವು ಅಂದ್ರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾವೇ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕೇಡಗಾಂವಿಗೆ ಕರೆತಂದರು. ಅದೇ ಮುಕ್ತಿ. ಕೆಲವೇ ವರ್ಷಗಳಲ್ಲಿ ಅಲ್ಲಿ ಸುಮಾರು 2,000 ಜನ. 1905ರಲ್ಲಿ ಹುಡುಗಿಯರು ದಿನಾ ಸೇರಿ ಪ್ರಾರ್ಥಿಸುತ್ತಿದ್ದಾಗ ಪವಿತ್ರಾತ್ಮನ ಉಜ್ಜೀವನ ಇಳಿದು ಬಂತು. ಅಮೆರಿಕದ ಅಜುಸಾ ಸ್ಟ್ರೀಟ್‌ಗಿಂತ ಒಂದು ವರ್ಷ ಮೊದಲು! ನಮ್ಮ ಚರಿತ್ರೆ ಲಾಸ್ ಏಂಜಲೀಸ್‌ನಲ್ಲಿ ಮಾತ್ರ ಶುರುವಾಯ್ತು ಅಂತ ಹೇಳುವವರಿಗೆ ಇದನ್ನು ಹೇಳಿ.

ಇಷ್ಟರ ಮಧ್ಯೆ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸಿಗೂ ಅರ್ಥವಾಗೋ ಮರಾಠಿಯಲ್ಲಿ ಸತ್ಯವೇದವನ್ನು ತರ್ಜುಮೆ ಮಾಡುತ್ತಾ ಕೂತರು. ಅಲ್ಲಿನ ಹೆಂಗಸರೇ ಪ್ರೆಸ್ ನಡೆಸಿ ಅಚ್ಚು ಹಾಕಿದರು. 1921ರಲ್ಲಿ ಮನೋರಮಾ ತೀರಿಕೊಂಡಳು. ಇದ್ದ ಒಬ್ಬಳೇ ಮಗಳು. ತಾಯಿ ಕೆಲಸ ನಿಲ್ಲಿಸಲಿಲ್ಲ. ತರ್ಜುಮೆ ಮುಗಿಸಿ, 1922ರ ಏಪ್ರಿಲ್ 5ರಂದು ಕರ್ತನ ಬಳಿಗೆ ಹೋದರು.

ಆ ತಮ್ಮ ಇವತ್ತೂ ಬಂದಿದ್ದಾನೆ, ಯಾರು ಅಂತ ಹೇಳಲ್ಲ. ಮೀಟಿಂಗ್ ಆದ ಮೇಲೆ ಇರಪ್ಪಾ, ಟೀ ಕುಡೀತಾ ಮಾತಾಡೋಣ. ಈ ಸಲ ನನಗೆ ಟೈಮ್ ಇದೆ. ಬನ್ನಿ, ಎಲ್ಲರೂ ಪ್ರಾರ್ಥನೆಗೆ ಎದ್ದು ನಿಲ್ಲೋಣ.