ಬೇರಿನಲ್ಲೇ ಉಳಿದ ಸೀಸ, ಊರು ಬಿಟ್ಟ ವಿಜ್ಞಾನಿ

ಇಂಜಿನಿಯರಿಂಗ್ ಓದುವಾಗ ಲ್ಯಾಬಿನಲ್ಲಿ ಪ್ರಯೋಗ ಕೈಕೊಟ್ಟರೆ ನಾವು ಮಾಡ್ತಿದ್ದದ್ದು ಒಂದೇ: ಸೀನಿಯರ್‌ಗಳ ರೆಕಾರ್ಡ್ ನೋಡಿ ರೀಡಿಂಗ್ ಹೊಂದಿಸಿ ಬರೆಯೋದು. ಸೋತದ್ದನ್ನು ಬರೆದರೆ ಮಾರ್ಕ್ಸ್ ಸಿಗಲ್ಲ ಅಂತ ನಂಬಿದ್ದೆವು. ಎಷ್ಟೋ ವರ್ಷದ ಮೇಲೆ ಜಾರ್ಜ್ ಡಿ ಹೆವೆಶಿಯ ಬಗ್ಗೆ ಓದಿದಾಗ ನಾಚಿಕೆಯಾಯ್ತು.

ಹೆವೆಶಿ ಹುಟ್ಟಿದ್ದು 1885ರಲ್ಲಿ, ಬುಡಾಪೆಸ್ಟ್‌ನ ಯಹೂದಿ ಮೂಲದ ಸಿರಿವಂತ ಮನೆಯಲ್ಲಿ. 1911ರಲ್ಲಿ ಮ್ಯಾಂಚೆಸ್ಟರ್‌ಗೆ ಹೋದಾಗ ರುದರ್‌ಫೋರ್ಡ್ ಒಂದು ಕೆಲಸ ಕೊಟ್ಟರು. ಸೀಸದ ರಾಶಿಯೊಳಗೆ ಸೇರಿಕೊಂಡಿದ್ದ, ವಿಕಿರಣ ಸೂಸುವ ರೇಡಿಯಂ-ಡಿಯನ್ನು ಬೇರ್ಪಡಿಸಬೇಕು. ಹೆವೆಶಿ ಎಷ್ಟು ಹೆಣಗಿದರೂ ಆಗಲಿಲ್ಲ. ಆಗುವಂಥದ್ದೂ ಅಲ್ಲ, ಯಾಕಂದ್ರೆ ಅದೂ ಸೀಸವೇ, ಸೀಸದ ಇನ್ನೊಂದು ಐಸೊಟೋಪ್.

ಈ ಸೋಲನ್ನೇ ಅವರು ತಿರುಗಿಸಿ ನೋಡಿದರು. ಎರಡನ್ನೂ ಬೇರೆ ಮಾಡಲು ಆಗದಿದ್ದರೆ, ಸೀಸ ಹೋದಲ್ಲೆಲ್ಲ ಇದೂ ಹೋಗಲೇಬೇಕು. ಹೋದ ದಾರಿಯನ್ನು ವಿಕಿರಣವೇ ಹೇಳುತ್ತೆ. ಸೀಸದ ಜೊತೆ ಕಳಿಸಿದ ಗೂಢಚಾರ ಅನ್ನಿ.

1923ರಲ್ಲಿ ಕೋಪನ್‌ಹೇಗನ್‌ನಲ್ಲಿ, ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿದ್ದಾಗ, ಈ ಗೂಢಚಾರನನ್ನು ಫಾವಾ ಬೀನ್ಸ್ ಗಿಡದೊಳಗೆ ಬಿಟ್ಟರು. ವಿಕಿರಣ ಸೀಸ ಬೆರೆಸಿದ ದ್ರಾವಣದಲ್ಲಿ ಬೇರು ಅದ್ದಿದರು. ಆ ಸೀಸ ಹತ್ತೂವರೆ ಗಂಟೆಯಲ್ಲಿ ಅರ್ಧ ಕ್ಷಯಿಸಿಬಿಡುತ್ತೆ, ಹಾಗಾಗಿ ನಿಧಾನ ಮಾಡುವಂತಿರಲಿಲ್ಲ. ಆಮೇಲೆ ಬೇರು, ಕಾಂಡ, ಎಲೆಗಳನ್ನು ಬೇರೆಬೇರೆಯಾಗಿ ಸುಟ್ಟು, ಬೂದಿಯ ವಿಕಿರಣ ಅಳೆದರು. ಸೀಸದ ಬಹುಪಾಲು ಬೇರಿನಲ್ಲೇ ಉಳಿದಿತ್ತು, ಎಲೆಗೆ ಏರಿದ್ದು ತೀರಾ ಕಡಿಮೆ. ಜೀವಿಯೊಳಗೆ ಒಂದು ಧಾತುವಿನ ಓಡಾಟವನ್ನು ಹೀಗೆ ಹಿಂಬಾಲಿಸಿದ್ದು ಅದೇ ಮೊದಲು. ಅಲ್ಲಿಯವರೆಗೆ ಗಿಡದಲ್ಲಿ ಎಷ್ಟಿದೆ ಅಂತ ಹೇಳಬಹುದಿತ್ತು, ಅದು ಯಾವಾಗ, ಎಲ್ಲಿಂದ ಬಂತು ಅಂತ ಹೇಳಲು ಆಗುತ್ತಿರಲಿಲ್ಲ.

ಸೀಸ ಗಿಡಕ್ಕೆ ಆಹಾರವಲ್ಲ, ವಿಷ. 1930ರ ದಶಕದಲ್ಲಿ ವಿಕಿರಣ ರಂಜಕ ಸಿಕ್ಕಿತು, ದಾರಿ ತೆರೆಯಿತು. ಬಲಿತ ಎಲೆಯ ರಂಜಕ ಅಲ್ಲೇ ಕೂರುವುದಿಲ್ಲ, ಹೊಸ ಎಲೆಗೂ ಹೋಗುತ್ತೆ ಅನ್ನುವುದನ್ನು ಹೆವೆಶಿ ಮತ್ತು ಜೊತೆಗಾರರು ತೋರಿಸಿದರು. ಇವತ್ತು ಗಿಡವನ್ನು ಸುಡದೆ, ಅದು ಬದುಕಿರುವಾಗಲೇ ಸ್ಕ್ಯಾನರಿನಲ್ಲಿ ಪೋಷಕಾಂಶದ ಓಟದ ಚಿತ್ರ ತೆಗೀತಾರೆ. ಅದರ ಬೇರು ಆ ಬೂದಿಯಲ್ಲಿದೆ.

ಆದರೆ ಹೆವೆಶಿಗೆ ಮಾತ್ರ ನೆಲೆ ನಿಲ್ಲಲು ಬಿಡಲಿಲ್ಲ. ನಾತ್ಸಿಗಳು ಅಧಿಕಾರಕ್ಕೆ ಬಂದ ಮೇಲೆ, 1934ರಲ್ಲಿ, ಜರ್ಮನಿಯ ಫ್ರೈಬುರ್ಗ್‌ನ ಕೆಲಸ ಬಿಟ್ಟು ಮತ್ತೆ ಕೋಪನ್‌ಹೇಗನ್ ಸೇರಿದರು. 1940ರಲ್ಲಿ ಹಿಟ್ಲರನ ಸೈನ್ಯ ಅಲ್ಲಿಗೂ ಬಂತು. ಮ್ಯಾಕ್ಸ್ ಫಾನ್ ಲಾವೆ, ಜೇಮ್ಸ್ ಫ್ರಾಂಕ್ ಇಬ್ಬರ ನೊಬೆಲ್ ಪದಕಗಳು ಅಲ್ಲಿದ್ದವು. ಹೆಸರು ಕೆತ್ತಿದ ಚಿನ್ನ ಸಿಕ್ಕಿಬಿದ್ದರೆ ಜರ್ಮನಿಯಲ್ಲೇ ಇದ್ದ ಲಾವೆಗೆ ಅಪಾಯ. ಹೆವೆಶಿ ಎರಡನ್ನೂ ಆಮ್ಲದಲ್ಲಿ ಕರಗಿಸಿ, ಬಾಟಲಿಯನ್ನು ಕಪಾಟಿನಲ್ಲಿಟ್ಟರು. ಸೈನಿಕರು ಹುಡುಕಿದರು, ಅದನ್ನು ಗುರುತಿಸಲಿಲ್ಲ. ಯುದ್ಧ ಮುಗಿದ ಮೇಲೆ ಅದೇ ಚಿನ್ನದಿಂದ ಪದಕಗಳನ್ನು ಮತ್ತೆ ಎರಕ ಹೊಯ್ದರು.

1943ರಲ್ಲಿ ಹೆವೆಶಿ ಸ್ವೀಡನ್‌ಗೆ ತಪ್ಪಿಸಿಕೊಂಡರು. ಆ ವರ್ಷದ ರಸಾಯನ ನೊಬೆಲ್ ಅವರಿಗೇ ಬಂತು, ಇದೇ ಜಾಡು ಹಿಡಿಯುವ ವಿಧಾನಕ್ಕೆ. 1966ರಲ್ಲಿ ತೀರಿಕೊಂಡರು.

ಹುಟ್ಟಿನ ಮೂಲ ನೋಡಿ ಜನರನ್ನು ವಿಂಗಡಿಸುವ ಪ್ರಭುತ್ವಕ್ಕೆ ತಾನು ಯಾರನ್ನು ಕಳೆದುಕೊಳ್ತಿದ್ದೀನಿ ಅನ್ನೋದು ಗೊತ್ತಾಗಲ್ಲ. ಬೇರ್ಪಡಿಸಲು ಆಗದ್ದನ್ನು ಬೇರ್ಪಡಿಸಲು ಹೋಗಿ ಹೆವೆಶಿಯೂ ಸೋತಿದ್ದರು. ಅವರು ಆ ಸೋಲನ್ನು ಒಪ್ಪಿಕೊಂಡರು, ಅಷ್ಟೇ ವ್ಯತ್ಯಾಸ.